ಮುಂಗಾರಿಗೆ ಮುನ್ನ ಮೊಬೈಲ್ ಫೋನಿನ ಆರೈಕೆ

2024ರ ಅಕ್ಟೋಬರ್ ತಿಂಗಳಿನಲ್ಲಿ, ಚಿತ್ತಾ ಮಳೆಯ ಕಾಲಕ್ಕೆ, ಧಾರವಾಡ ಜಿಲ್ಲೆಯ ರೈತರೊಬ್ಬರು ತಮ್ಮ ನಾಲ್ಕು ಎಕರೆ ಸೋಯಾಅವರೆಯನ್ನು ಕೊಯ್ದು ಹೊಲದಲ್ಲಿಯೇ ಒಣಗಲು ಹರವಿದ್ದರು. ಶುಕ್ರವಾರ ರಾತ್ರಿ ಮಳೆ ಸುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ಸಾಲಿನಲ್ಲಿ ನೀರು ನಿಂತಿತ್ತು, ಬುಡದ ಕಾಯಿಗಳು ಕಪ್ಪಾಗತೊಡಗಿದ್ದವು. ಬೆಳೆಗೆ ವಿಮೆ ಇತ್ತು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ 14 ದಿನಗಳ ಒಳಗೆ ಅಕಾಲಿಕ ಮಳೆಯಿಂದ ಹಾಳಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮ ಅವರಿಗೆ ಗೊತ್ತಿತ್ತು. ತಮ್ಮ ಫೋನಿನಿಂದ ಮೂವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದರು. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಭಾನುವಾರ ಹಾನಿ ತಿಳಿಸಲು ಆ್ಯಪ್ ತೆರೆದಾಗ ಅದು ಒಳಗೆ ಬಿಡಲಿಲ್ಲ; ಮೊದಲು ಅಪ್‌ಡೇಟ್ ಮಾಡಿರೆಂದು ಕೇಳಿತು. ಅಪ್‌ಡೇಟ್ ಗುಂಡಿ ಒತ್ತಿದರೆ ಫೋನಿನಲ್ಲಿ ಜಾಗವಿಲ್ಲವೆಂದಿತು. ಜಾಗ ಮಾಡಲು ಅವರು ಚಿತ್ರಗಳನ್ನು ಅಳಿಸುತ್ತಾ ಹೋದರು. ಹಾಗೆ ಅಳಿಸುವಾಗ ಹಿಂದಿನ ದಿನ ತೆಗೆದ ಹೊಲದ ಚಿತ್ರಗಳೂ ಹೋದವು. ಆದರೂ ಜಾಗ ಆಗಲಿಲ್ಲ. ಅಷ್ಟರಲ್ಲಿ ಆ ದಿನದ ಡೇಟಾ ಮುಗಿಯಿತು. ಸೋಮವಾರ ಮಧ್ಯಾಹ್ನ ನನಗೆ ಫೋನ್ ಮಾಡಿದಾಗ, "ಸಾಹೇಬ್ರ, ರಾತ್ರಿಗೆ ವ್ಯಾಳ್ಯಾ ಮುಗಿತೈತ್ರಿ, ಫೋಟೋನೂ ಹೋದುವು, ಆ್ಯಪ್‌ನೂ ತೆಗೀವಲ್ದು" ಎಂದರು.

ಅವರಿಗೆ 14447 ಸಂಖ್ಯೆಗೆ ಕರೆ ಮಾಡಲು ಹೇಳಿದೆ. ಇದು ಬೆಳೆ ವಿಮೆಯ ಶುಲ್ಕರಹಿತ ಸಹಾಯವಾಣಿ. ಇದಕ್ಕೆ ಆ್ಯಪ್ ಬೇಡ, ಡೇಟಾ ಬೇಡ, ಗುಂಡಿಯ ಸಣ್ಣ ಫೋನಿನಿಂದಲೂ ಮಾಡಬಹುದು. ಅವಧಿ ಮುಗಿಯುವ ಮೊದಲೇ ಅವರ ದೂರು ದಾಖಲಾಗಿ ಸಂಖ್ಯೆ ಸಿಕ್ಕಿತು. ಎರಡು ದಿನಗಳ ಬಳಿಕ ಆ ಫೋನನ್ನು ನಾನೇ ನೋಡಿದೆ. ಅಳಿಸಿದ ಚಿತ್ರಗಳು ಗ್ಯಾಲರಿಯ ಕಸದ ಬುಟ್ಟಿಯಲ್ಲಿ ಹಾಗೆಯೇ ಬಿದ್ದಿದ್ದವು. ಅಳಿಸಿದ ಚಿತ್ರವನ್ನು ಫೋನು ಕೂಡಲೇ ಎಸೆಯುವುದಿಲ್ಲ, ಸಾಮಾನ್ಯವಾಗಿ 30 ದಿನ ಬುಟ್ಟಿಯಲ್ಲಿ ಇಟ್ಟುಕೊಂಡಿರುತ್ತದೆ. ಅಷ್ಟೊಂದು ಅಳಿಸಿದರೂ ಜಾಗ ಆಗದಿದ್ದುದಕ್ಕೆ ಕಾರಣವೂ ಇದೇ. ಚಿತ್ರಗಳನ್ನು ಹಿಂದಕ್ಕೆ ಪಡೆದೆವು. ಪರಿಶೀಲನೆಗೆ ಬಂದವರಿಗೆ ತೋರಿಸಲು ಅವೇ ಆಧಾರವಾದವು, ಏಕೆಂದರೆ ಅವರು ಬರುವಷ್ಟರಲ್ಲಿ ಬಿಸಿಲು ಬಿದ್ದು ರಾಶಿ ಮುಗಿದಿತ್ತು. ಪರಿಹಾರದ ಹಣ ಮುಂದಿನ ಬೇಸಿಗೆಯಲ್ಲಿ ಬಂದಿತು. ಕಳೆದುಕೊಂಡದ್ದರ ಪೂರ್ತಿ ಅಲ್ಲ, ಆದರೆ ಬೀಜ ಗೊಬ್ಬರದ ಖರ್ಚಿಗೆ ಸಾಕಾಯಿತು.

ಅದೃಷ್ಟದಿಂದ ಉಳಿದ ಈ ಪ್ರಸಂಗದಲ್ಲಿ ದೋಷ ಮಳೆಯದಲ್ಲ, ರೈತರದ್ದೂ ಅಲ್ಲ. ಬಿತ್ತನೆಯ ದಿನ ಬೆಳಿಗ್ಗೆ ಕೂರಿಗೆಯ ತಾಳು ಮುರಿದಿರುವುದು ಗೊತ್ತಾದಂತೆ, ಫೋನಿನ ದುರಸ್ತಿ ಕೆಲಸ ಬೇಕಾದ ದಿನವೇ ಬಾಕಿ ಇತ್ತು.

ಫೋನು ಈಗ ಬೇಸಾಯದ ಉಪಕರಣ

ಹತ್ತು ಹದಿನೈದು ವರ್ಷಗಳ ಹಿಂದೆ ರೈತರ ಮೊಬೈಲ್ ಫೋನು ಮಾತಾಡಲು ಮಾತ್ರ ಬಳಕೆಯಾಗುತ್ತಿತ್ತು. ಅದರಲ್ಲಿ ಅಪ್‌ಡೇಟ್ ಎಂಬ ಮಾತೇ ಇರಲಿಲ್ಲ; ವಾರಕ್ಕೆ ಎರಡು ಸಲ ಚಾರ್ಜ್ ಮಾಡಿದರೆ ಸಾಕಿತ್ತು. ಈಗ ಹಾಗಿಲ್ಲ. 2020ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದು ಬೆಳೆ ಸಮೀಕ್ಷೆಯ ಆ್ಯಪ್ ಮೂಲಕ ದಾಖಲಿಸಲು ಅವಕಾಶವಾಯಿತು. ಹವಾಮಾನ ಆಧಾರಿತ ಕೃಷಿ ಸಲಹೆಗೆ 2019ರಲ್ಲಿ ಮೇಘದೂತ್ ಆ್ಯಪ್ ಬಂದಿತು; ಸಿಡಿಲಿನ ಮುನ್ಸೂಚನೆಗೆ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಇದೆ. ಮಾರುಕಟ್ಟೆಯ ಧಾರಣೆ, ಬ್ಯಾಂಕಿನ ಹಣ, ಗೊಬ್ಬರದ ಅಂಗಡಿಯ ಪಾವತಿ, ಮಗನ ಶಾಲೆಯ ಸಂದೇಶ ಎಲ್ಲವೂ ಅದರಲ್ಲಿಯೇ. ಕುಂಟೆಯನ್ನು ವರ್ಷಕ್ಕೊಮ್ಮೆ ಬಡಿಗನಿಗೂ ಕಮ್ಮಾರನಿಗೂ ತೋರಿಸುವ ನಾವು ಹತ್ತಾರು ಸಾವಿರ ರೂಪಾಯಿಯ ಈ ಸಾಧನವನ್ನು ಕೆಡುವವರೆಗೂ ಹಾಗೆಯೇ ಬಳಸುತ್ತೇವೆ.

ಅಪ್‌ಡೇಟ್ ಎಂದರೇನು?

ಫೋನಿನ ಗಾಜು, ಬ್ಯಾಟರಿ, ಕ್ಯಾಮೆರಾ ಇವು ಕಣ್ಣಿಗೆ ಕಾಣುವ ಭಾಗಗಳು. ಇವನ್ನು ನಡೆಸುವ ಸೂಚನೆಗಳ ಕಟ್ಟಿಗೆ ತಂತ್ರಾಂಶವೆಂದು ಹೆಸರು. ತಯಾರಿಸಿದ ಮೇಲೂ ಅದರಲ್ಲಿ ತಪ್ಪುಗಳು ಕಾಣಿಸಿಕೊಳ್ಳುತ್ತಲೇ ಇರುತ್ತವೆ; ಕಳ್ಳರು ಒಳನುಗ್ಗುವಂಥ ಸಂದುಗಳೂ ಇರುತ್ತವೆ. ಇವನ್ನು ಸರಿಪಡಿಸಿ ಕಳುಹಿಸುವ ಹೊಸ ಕಟ್ಟೇ ಅಪ್‌ಡೇಟ್. ಇದರಲ್ಲಿ ಮೂರು ಬಗೆಗಳಿವೆ, ಮೂರನ್ನೂ ಒಂದೇ ಎಂದು ತಿಳಿಯಬಾರದು.

ಒಂದು, ಆ್ಯಪ್‌ಗಳ ಅಪ್‌ಡೇಟ್. ಪ್ಲೇ ಸ್ಟೋರಿನಿಂದ ಬರುವ ಇದು ಚಿಕ್ಕದು. ಎರಡು, ಭದ್ರತೆಯ ಅಪ್‌ಡೇಟ್. ಇದು ಇಡೀ ಫೋನಿಗೆ ಸಂಬಂಧಿಸಿದ್ದು, ಕಂಡಿ ಮುಚ್ಚುವ ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಸಂಸ್ಥೆ 2015ರ ಆಗಸ್ಟ್‌ನಿಂದ ತಿಂಗಳಿಗೊಮ್ಮೆ ಇಂಥ ತಿದ್ದುಪಡಿಗಳನ್ನು ಪ್ರಕಟಿಸುತ್ತಾ ಬಂದಿದೆ. ಅವು ನಮ್ಮ ಫೋನಿಗೆ ತಲುಪುವುದು ಫೋನು ತಯಾರಿಸಿದವರ ಮೂಲಕ, ಆದ್ದರಿಂದ ಕೆಲವು ಫೋನುಗಳಿಗೆ ಬೇಗ, ಕೆಲವಕ್ಕೆ ತಡ. ಮೂರು, ಆವೃತ್ತಿಯ ಬದಲಾವಣೆ. ಆಂಡ್ರಾಯ್ಡ್ 14 ಇದ್ದದ್ದು 15 ಆಗುವುದು ಈ ಬಗೆಯದು. ಇದರಲ್ಲಿ ಪರದೆಯ ರೂಪ, ಗುಂಡಿಗಳ ಜಾಗ ಎಲ್ಲವೂ ಬದಲಾಗಬಹುದು. ಗಾತ್ರವೂ ದೊಡ್ಡದು, ಎಷ್ಟೋ ಸಲ ಒಂದೆರಡು ಜಿ.ಬಿ. ಮೀರುತ್ತದೆ.

ಹಳ್ಳಿಯಲ್ಲಿ ಇದು ಏಕೆ ಬಾಕಿ ಉಳಿಯುತ್ತದೆ?

"ಪೇಟೆಯವರ ಫೋನು ತಾನಾಗಿ ಅಪ್‌ಡೇಟ್ ಆಗುತ್ತದಂತೆ, ನಮ್ಮದು ಏಕೆ ಆಗುವುದಿಲ್ಲ?" ಎಂದು ತರಬೇತಿಗೆ ಬಂದ ರೈತರು ಕೇಳುತ್ತಾರೆ. ಕಾರಣ ಸರಳವಾದದ್ದು, ಆದರೆ ಯಾರೂ ಹೇಳುವುದಿಲ್ಲ. ಫೋನು ಕೈಗೆ ಬಂದಾಗ ಪ್ಲೇ ಸ್ಟೋರ್ ಸಾಮಾನ್ಯವಾಗಿ ವೈಫೈ ಸಿಕ್ಕಾಗ ಮಾತ್ರ ಆ್ಯಪ್‌ಗಳನ್ನು ತಾನಾಗಿ ಅಪ್‌ಡೇಟ್ ಮಾಡುವಂತೆ ಇಟ್ಟಿರುತ್ತದೆ. ಜೊತೆಗೆ ಫೋನು ಚಾರ್ಜಿನಲ್ಲಿರಬೇಕು, ಯಾರೂ ಬಳಸದೆ ಸುಮ್ಮನಿರಬೇಕು. ಮನೆಯಲ್ಲಿ ವೈಫೈ ಇರುವ ಪೇಟೆಯ ಸಂಸಾರದಲ್ಲಿ ಈ ಮೂರೂ ಪ್ರತಿ ರಾತ್ರಿ ಕೂಡಿ ಬರುತ್ತವೆ. ಸಿಮ್ಮಿನ ಡೇಟಾ ಒಂದನ್ನೇ ನಂಬಿದ ಹಳ್ಳಿಯ ಮನೆಯಲ್ಲಿ ವರ್ಷವಿಡೀ ಒಂದು ಸಲವೂ ಕೂಡಿ ಬರುವುದಿಲ್ಲ. ಫೋನು ವೈಫೈಗಾಗಿ ಕಾಯುತ್ತಲೇ ಇರುತ್ತದೆ, ಆ್ಯಪ್ ಹಳೆಯದಾಗುತ್ತಲೇ ಇರುತ್ತದೆ. ಕಡೆಗೆ ಹಳೆಯದು ನಡೆಯುವುದಿಲ್ಲವೆಂದು ಆ್ಯಪ್ ಬಾಗಿಲು ಹಾಕಿಕೊಳ್ಳುತ್ತದೆ. ಆ ದಿನ ಯಾವುದು? ನಾವು ಅದನ್ನು ತೆರೆದ ದಿನ, ಅಂದರೆ ಕೆಲಸವಿರುವ ದಿನ.

ದಿನಕ್ಕೆ ಒಂದೂವರೆ ಜಿ.ಬಿ. ಡೇಟಾ ಇರುವವರು ಅದನ್ನು ಪೂರ್ತಿ ಬಳಸುವುದೇ ಅಪರೂಪ, ಮಕ್ಕಳು ಮನೆಯಲ್ಲಿದ್ದರೆ ಮಾತು ಬೇರೆ. ಮಿಕ್ಕ ಡೇಟಾ ಮಧ್ಯರಾತ್ರಿಗೆ ಕಳೆದು ಹೋಗುತ್ತದೆ. ಇದನ್ನೇ ಅಪ್‌ಡೇಟಿಗೆ ಬಳಸಬಹುದು. ಪ್ಲೇ ಸ್ಟೋರ್ ತೆರೆದು, ಮೇಲ್ಭಾಗದ ಬಲಗಡೆ ಕಾಣುವ ತಮ್ಮ ಹೆಸರಿನ ದುಂಡು ಗುರುತನ್ನು ಒತ್ತಿದರೆ, ಆ್ಯಪ್‌ಗಳನ್ನು ನಿರ್ವಹಿಸುವ ಪುಟ ಸಿಗುತ್ತದೆ. ಬಾಕಿ ಇರುವುದೆಲ್ಲ ಅಲ್ಲಿ ಪಟ್ಟಿಯಾಗಿ ಕಾಣುತ್ತದೆ. ಎಲ್ಲವನ್ನೂ ಒಮ್ಮೆಲೇ ಮಾಡಬೇಕಾಗಿಲ್ಲ. ಬೆಳೆ, ವಿಮೆ, ಹವಾಮಾನ, ಬ್ಯಾಂಕು, ಇವಕ್ಕೆ ಮೊದಲ ಸ್ಥಾನ. ಹಾಡು, ಆಟದ ಆ್ಯಪ್‌ಗಳು ಕಾಯಲಿ. ಇಡೀ ಫೋನಿನ ಅಪ್‌ಡೇಟು ವೈಫೈ ಇಲ್ಲದೆ ಆಗುವುದಿಲ್ಲವೆಂದು ಹಟ ಹಿಡಿದರೆ, ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆದು ಅದಕ್ಕೆ ಜೋಡಿಸಿದರೆ ಆಯಿತು. ಒಂದು ಫೋನಿನ ಸಿಮ್ ಡೇಟಾ ಇನ್ನೊಂದಕ್ಕೆ ವೈಫೈ ಆಗಿ ಸಿಗುತ್ತದೆ.

ಕೂಡಲೇ ಮಾಡಬೇಕೋ, ಕಾಯಬೇಕೋ?

ಅಪ್‌ಡೇಟ್ ಬಂದ ಕೂಡಲೇ ಮಾಡುವವರೂ ಇದ್ದಾರೆ, ಎಂದೂ ಮಾಡದವರೂ ಇದ್ದಾರೆ. ಎರಡರಿಂದಲೂ ಹಾನಿಯುಂಟು. ಎರಡು ನಿಜ ಘಟನೆಗಳನ್ನು ನೋಡೋಣ. ಇವು ಫೋನಿನವಲ್ಲ, ಕಂಪ್ಯೂಟರಿನವು, ಆದರೆ ತತ್ವ ಒಂದೇ.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಅನೇಕ ದೇಶಗಳ ಕಂಪ್ಯೂಟರುಗಳೊಳಗೆ ಹೊಕ್ಕು ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ಹೊಕ್ಕ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆ ಆ ವರ್ಷದ ಮಾರ್ಚ್ ತಿಂಗಳಲ್ಲಿಯೇ ಕೊಟ್ಟಿತ್ತು. ಎರಡು ತಿಂಗಳು ಕಳೆದರೂ ಹಾಕಿಕೊಳ್ಳದವರು ಪೆಟ್ಟು ತಿಂದರು.

ಇದಕ್ಕೆ ವಿರುದ್ಧವಾದದ್ದು 2024ರ ಜುಲೈ 19ರಂದು ನಡೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಅಪ್‌ಡೇಟಿನಲ್ಲಿಯೇ ತಪ್ಪಿದ್ದು, ಅದು ಒಂದೇ ದಿನ ಎಲ್ಲೆಡೆ ತಲುಪಿ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿ ಕೊಟ್ಟು ವಿಮಾನ ಹತ್ತಿಸಿದರು.

ಹಾಗಾದರೆ ರೈತರು ಏನು ಮಾಡಬೇಕು? ಭದ್ರತೆಯ ಅಪ್‌ಡೇಟನ್ನೂ ಬ್ಯಾಂಕಿನ ಆ್ಯಪ್‌ನ ಅಪ್‌ಡೇಟನ್ನೂ ಬಂದ ಒಂದು ವಾರದೊಳಗೆ ಹಾಕಿಕೊಳ್ಳುವುದು ಲೇಸು. ಆವೃತ್ತಿಯ ಬದಲಾವಣೆಗೆ ಅವಸರ ಬೇಡ. ಹೊಸ ತಳಿ ಬಂದಾಗ ಇಡೀ ಹೊಲಕ್ಕೆ ಬಿತ್ತದೆ ಒಂದು ಮಡಿಯಲ್ಲಿ ನೋಡುವ ವಾಡಿಕೆ ನಮ್ಮಲ್ಲಿದೆಯಷ್ಟೆ. ಹಾಗೆಯೇ ಅದೇ ಮಾದರಿಯ ಫೋನಿರುವ ಪರಿಚಯದವರು ಹಾಕಿಕೊಂಡು ಎರಡು ಮೂರು ವಾರ ಬಳಸಲಿ, ಅವರನ್ನು ಕೇಳಿ ಮುಂದುವರಿಯಬಹುದು. ಒಮ್ಮೆ ಹೊಸ ಆವೃತ್ತಿಗೆ ಹೋದ ಮೇಲೆ ಹಿಂದಕ್ಕೆ ಬರುವುದು ಸಾಮಾನ್ಯ ಬಳಕೆದಾರರಿಗೆ ಆಗದ ಕೆಲಸ. ನಾಲ್ಕೈದು ವರ್ಷ ಹಳೆಯದಾದ, ಒಳಜಾಗ ಕಡಿಮೆ ಇರುವ ಅಗ್ಗದ ಫೋನುಗಳು ಹೊಸ ಆವೃತ್ತಿಯ ಭಾರಕ್ಕೆ ನಿಧಾನವಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಹಾಗೆಂದು ತೀರಾ ಹಳೆಯ ಫೋನನ್ನು ಹಿಡಿದು ಕೂರುವಂತೆಯೂ ಇಲ್ಲ. ತಯಾರಕರು ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ದುಬಾರಿ ಫೋನುಗಳ ಪೈಕಿ 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್ 24 ಇವಕ್ಕೆ 7 ವರ್ಷಗಳ ಭರವಸೆ ಇದೆ. ಅಗ್ಗದ ಫೋನುಗಳಿಗೆ ಇದು ಬಹಳ ಕಡಿಮೆ. ಹೊಸ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವವರು ಅಪ್‌ಡೇಟ್ ಎಷ್ಟು ವರ್ಷ ಎಂದೂ ಕೇಳಬೇಕು. ಬೀಜದ ಚೀಲದ ಮೇಲಿನ ಅವಧಿಯನ್ನು ನೋಡದೆ ಯಾರೂ ಕೊಳ್ಳುವುದಿಲ್ಲ.

ಬಳಸದ ಆ್ಯಪ್ ಅನುಮತಿ ಕಳೆದುಕೊಳ್ಳುತ್ತದೆ

ಇದು ನನಗೇ ಆದ ಅನುಭವ. ಹಿಂಗಾರಿ ಜೋಳದ ಪ್ರಯೋಗದ ತಾಕುಗಳ ಚಿತ್ರ ತೆಗೆಯಲು, ಸ್ಥಳದ ಗುರುತು ಸಮೇತ ಚಿತ್ರ ಉಳಿಸುವ ಆ್ಯಪ್ ಒಂದನ್ನು ಬಳಸುತ್ತಿದ್ದೆ. ಕಟಾವಿನ ನಂತರ ಅದನ್ನು ಏಳೆಂಟು ತಿಂಗಳು ಮುಟ್ಟಲಿಲ್ಲ. ಮುಂದಿನ ಹಿಂಗಾರಿನಲ್ಲಿ ಮೂರು ದಿನ ಸುತ್ತಿ ಚಿತ್ರ ತೆಗೆದು ಕಚೇರಿಗೆ ಬಂದು ನೋಡಿದರೆ ಒಂದಕ್ಕೂ ಸ್ಥಳದ ಗುರುತಿಲ್ಲ. ಯಾವ ತಾಕು ಯಾವುದೆಂದು ತಿಳಿಯದೆ ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು. ಫೋನು ಕೆಟ್ಟಿದೆಯೆಂದು ಅಂಗಡಿಗೂ ಹೋಗಿ ಬಂದೆ, ವಿದ್ಯಾರ್ಥಿಯೊಬ್ಬ ನೋಡಿ ಅರ್ಧ ನಿಮಿಷದಲ್ಲಿ ಸರಿಪಡಿಸಿದ.

ಕಾರಣ ಇಷ್ಟೇ. ಕೆಲವು ತಿಂಗಳು ಬಳಸದ ಆ್ಯಪ್‌ಗಳಿಂದ ಕ್ಯಾಮೆರಾ, ಸ್ಥಳ, ಧ್ವನಿ ಮುಂತಾದವುಗಳ ಅನುಮತಿಯನ್ನು ಫೋನೇ ಹಿಂದಕ್ಕೆ ಪಡೆಯುವ ವ್ಯವಸ್ಥೆ 2020ರ ಆಂಡ್ರಾಯ್ಡ್ 11ರಿಂದ ಬಂದಿದೆ. ಮರೆತುಹೋದ ಆ್ಯಪ್‌ಗಳು ಗುಟ್ಟಾಗಿ ಕಣ್ಣಿಡದಂತೆ ತಡೆಯುವ ಈ ಏರ್ಪಾಡು ಒಳ್ಳೆಯದೇ. ಪೇಟೆಯವರು ದಿನಾ ಬಳಸುವ ಆ್ಯಪ್‌ಗಳಿಗೆ ಇದರಿಂದ ತೊಂದರೆಯಿಲ್ಲ. ಆದರೆ ಬೇಸಾಯದ ಆ್ಯಪ್‌ಗಳ ಬಳಕೆ ಹಂಗಾಮಿನದು. ಮುಂಗಾರಿನಲ್ಲಿ ಒಂದು ದಿನ, ಹಿಂಗಾರಿನಲ್ಲಿ ಒಂದು ದಿನ. ನಡುವಿನ ತಿಂಗಳುಗಳಲ್ಲಿ ಅವು ಅನುಮತಿ ಕಳೆದುಕೊಳ್ಳುತ್ತವೆ, ರೈತರು "ಸಮೀಕ್ಷೆಯ ಆ್ಯಪ್ ಕೆಟ್ಟಿದೆ" ಎನ್ನುತ್ತಾರೆ.

ಪರಿಹಾರವೂ ಸುಲಭ. ಆ್ಯಪ್‌ನ ಚಿತ್ರವನ್ನು ಪರದೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದರ ವಿವರದ ಪುಟಕ್ಕೆ ಹೋಗುವ ದಾರಿ ಕಾಣುತ್ತದೆ. ಅಲ್ಲಿ ಅನುಮತಿಗಳು ಎಂಬಲ್ಲಿ ಸ್ಥಳ ಮತ್ತು ಕ್ಯಾಮೆರಾ ಎರಡಕ್ಕೂ ಒಪ್ಪಿಗೆ ಕೊಡಬೇಕು. ಸ್ಥಳದ ಬಾಬಿನಲ್ಲಿ ನಿಖರವಾದ ಸ್ಥಳ ಎಂಬುದನ್ನೂ ಆರಿಸಬೇಕು. ಇಲ್ಲವಾದರೆ ನಿಮ್ಮ ಸರ್ವೆ ನಂಬರಿನಲ್ಲಿ ನೀವು ನಿಂತಿದ್ದರೂ ಫೋನು ಬೇರೆಲ್ಲೋ ಇದ್ದೀರೆಂದು ತಿಳಿಯುತ್ತದೆ. ಬಳಸದಿದ್ದರೆ ಅನುಮತಿ ತೆಗೆಯುವ ಗುಂಡಿಯೂ ಅದೇ ಪುಟದಲ್ಲಿರುತ್ತದೆ. ಬೆಳೆ ಮತ್ತು ವಿಮೆಯ ಆ್ಯಪ್‌ಗಳಿಗೆ ಮಾತ್ರ ಅದನ್ನು ಆರಿಸಿಡಬಹುದು.

ಮೇ ತಿಂಗಳ ಕೆಲಸ

ಮಾಗಿ ಉಳುಮೆ ಮುಗಿದು ರೋಹಿಣಿ ಮಳೆಗೆ ಕಾಯುವ ದಿನಗಳಲ್ಲಿ ಒಂದು ಸಂಜೆಯನ್ನು ಫೋನಿಗೆ ಇಟ್ಟರೆ ಸಾಕು. ಮೊದಲು ಮುಖ್ಯವಾದ ಚಿತ್ರಗಳನ್ನು, ಅಂದರೆ ಪಹಣಿ, ಬ್ಯಾಂಕಿನ ಪುಸ್ತಕ, ವಿಮೆಯ ರಸೀದಿ, ಹೊಲದ ಚಿತ್ರ ಇವನ್ನು ಮಗನ ಅಥವಾ ಮಗಳ ಫೋನಿಗೆ ಕಳುಹಿಸಿ ಇಡುವುದು. ವಾಟ್ಸಾಪ್‌ನಲ್ಲಿ ಚಿತ್ರವನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ಕುಗ್ಗುತ್ತದೆ, ಸ್ಥಳದ ಮಾಹಿತಿ ಕಳೆದುಹೋಗುತ್ತದೆ. ದಾಖಲೆಯ ರೂಪದಲ್ಲಿ, ಅಂದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿದರೆ ಮೂಲದಂತೆಯೇ ಹೋಗುತ್ತದೆ. ಆಮೇಲೆ ಜಾಗ ಮಾಡಬೇಕು. ಹೆಚ್ಚಿನ ಫೋನುಗಳಲ್ಲಿ ಜಾಗ ತಿನ್ನುವುದು ನಾವು ತೆಗೆದ ಚಿತ್ರಗಳಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಬಂದ ವಿಡಿಯೋಗಳು, ಶುಭೋದಯದ ಹೂವುಗಳು. ವಾಟ್ಸಾಪ್‌ನ ಸೆಟ್ಟಿಂಗ್‌ನಲ್ಲಿ ಯಾವ ಗುಂಪು ಎಷ್ಟು ಜಾಗ ಹಿಡಿದಿದೆಯೆಂದು ಪಟ್ಟಿ ಇರುತ್ತದೆ, ಅಲ್ಲಿಂದಲೇ ಕಳೆ ತೆಗೆಯಬಹುದು. ಕೊನೆಯಲ್ಲಿ ಗ್ಯಾಲರಿಯ ಕಸದ ಬುಟ್ಟಿಯನ್ನು ಒಮ್ಮೆ ನೋಡಿ, ಬೇಕಾದದ್ದು ಯಾವುದೂ ಇಲ್ಲವೆಂದು ಖಚಿತವಾದ ಮೇಲೆ ಖಾಲಿ ಮಾಡಬೇಕು. ನಾಲ್ಕೈದು ಜಿ.ಬಿ. ಖಾಲಿ ಇದ್ದರೆ ಯಾವ ಅಪ್‌ಡೇಟೂ ಜಾಗಕ್ಕಾಗಿ ನಿಲ್ಲುವುದಿಲ್ಲ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಇರುವಾಗ, ಚಾರ್ಜರಿಗೆ ಜೋಡಿಸಿಯೇ ಅಪ್‌ಡೇಟ್ ಆರಂಭಿಸಬೇಕು. ನಡುವೆ ಫೋನನ್ನು ಆರಿಸಕೂಡದು.

ಒಂದು ಎಚ್ಚರಿಕೆ ಅತ್ಯವಶ್ಯಕ. ಅಪ್‌ಡೇಟ್ ಎಂದು ಹೇಳಿ ವಾಟ್ಸಾಪ್‌ನಲ್ಲಿಯೋ ಸಂದೇಶದಲ್ಲಿಯೋ ಬರುವ ಎಪಿಕೆ ಕಡತವನ್ನು ಯಾವ ಕಾರಣಕ್ಕೂ ತೆರೆಯಬಾರದು. ಪಿಎಂ ಕಿಸಾನ್ ಹೆಸರು ಹೊತ್ತ ನಕಲಿ ಕಡತಗಳು ಹೀಗೆಯೇ ಹರಿದಾಡಿವೆ. ಇವು ಫೋನಿನೊಳಗೆ ಕುಳಿತು ಬ್ಯಾಂಕಿನಿಂದ ಬರುವ ಒಟಿಪಿ ಸಂಖ್ಯೆಗಳನ್ನು ಓದಿ ಖಾತೆ ಬರಿದು ಮಾಡುತ್ತವೆ. ಕಳುಹಿಸಿದವರು ಪರಿಚಯದವರೇ ಆಗಿದ್ದರೂ ನಂಬಬೇಡಿ, ಅವರ ಫೋನು ಮೊದಲು ಸಿಕ್ಕಿಬಿದ್ದಿರುತ್ತದೆ. ನಿಜವಾದ ಅಪ್‌ಡೇಟ್ ಬರುವುದು ಪ್ಲೇ ಸ್ಟೋರಿನಿಂದ ಅಥವಾ ಫೋನಿನ ಸೆಟ್ಟಿಂಗ್‌ನಿಂದ ಮಾತ್ರ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಚಾರ್ಜರ್, ವೈರು ಮತ್ತು ಬ್ಯಾಟರಿ

ಸಂತೆಯಲ್ಲಿ ನೂರು ರೂಪಾಯಿಗೆ ಸಿಗುವ ಚಾರ್ಜರ್ ಫೋನಿಗೂ ಅಪಾಯ, ಕೈಗೂ ಅಪಾಯ. ಗೋಡೆಯ 230 ವೋಲ್ಟ್ ವಿದ್ಯುತ್ತನ್ನು 5 ವೋಲ್ಟ್‌ಗೆ ಇಳಿಸುವ ಕೆಲಸ ಅದರದು. ಒಳಗಿನ ತಡೆ ಕಳಪೆಯಾಗಿದ್ದರೆ 230 ವೋಲ್ಟ್ ನೇರವಾಗಿ ವೈರಿಗೆ ಬರಬಹುದು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಚಾರ್ಜಿನಲ್ಲಿರುವ ಫೋನು ಹಿಡಿಯುವವರು ಇದನ್ನು ಯೋಚಿಸಬೇಕು. ಚಾರ್ಜರಿನ ಮೈಮೇಲೆ ಭಾರತೀಯ ಮಾನಕ ಸಂಸ್ಥೆಯ ಗುರುತು, ಐ.ಎಸ್. ಸಂಖ್ಯೆ, ಹಾಗೂ ಆರ್ ಎಂಬ ಇಂಗ್ಲಿಷ್ ಅಕ್ಷರದ ಮುಂದೆ 8 ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಪವರ್ ಬ್ಯಾಂಕ್ ಕೊಳ್ಳುವವರು ಲೆಕ್ಕ ತಿಳಿದಿರಬೇಕು. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ 20.7 ಕಿಲೋ ಮಾತ್ರ ಎಂಬುದು ನಮ್ಮ ಓದುಗರಿಗೆ ಗೊತ್ತಿದೆ. ಪವರ್ ಬ್ಯಾಂಕಿನ ಮೇಲಿನ 10,000 ಎಂ.ಎ.ಎಚ್. ಎಂಬುದೂ ಅಂಥದೇ ಚೀಲದ ತೂಕ. ಅದು ಒಳಗಿನ 3.7 ವೋಲ್ಟ್ ಬ್ಯಾಟರಿಯ ಲೆಕ್ಕ, ಅಂದರೆ 37 ವ್ಯಾಟ್ ಗಂಟೆ. 5 ವೋಲ್ಟ್‌ಗೆ ಏರಿಸಿ ಹೊರಬಿಡುವಾಗ ಒಂದು ಪಾಲು ಶಾಖವಾಗಿ ಹೋಗುತ್ತದೆ. ಸುಮಾರು 31 ವ್ಯಾಟ್ ಗಂಟೆ ಉಳಿಯುತ್ತದೆ. 5,000 ಎಂ.ಎ.ಎಚ್. ಬ್ಯಾಟರಿಯ ಫೋನಿಗೆ 19 ವ್ಯಾಟ್ ಗಂಟೆ ಬೇಕು. ಆದ್ದರಿಂದ ಎರಡು ಸಲ ತುಂಬುತ್ತದೆ ಎಂದು ನಂಬಿ ಕೊಂಡದ್ದು ಒಂದೂವರೆ ಸಲ ತುಂಬಿದರೆ ಅಂಗಡಿಯವನ ಜೊತೆ ಜಗಳ ಬೇಡ.

ಬ್ಯಾಟರಿಯ ಮುಖ್ಯ ಶತ್ರು ಶಾಖ. ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ, ಪಂಪ್‌ಹೌಸಿನ ತಗಡಿನ ಮಾಡಿನಡಿ, ಬೈಕಿನ ಹ್ಯಾಂಡಲ್ಲಿನಲ್ಲಿ ಬಿಸಿಲಿಗೆ ಇಟ್ಟು ಚಾರ್ಜ್ ಮಾಡುವುದರಿಂದ ಅದರ ಆಯುಸ್ಸು ಬೇಗ ತಗ್ಗುತ್ತದೆ. ಅಪ್‌ಡೇಟ್ ಆದ ಮೇಲೆ ಫೋನು ನಿಧಾನವಾಯಿತು, ಬ್ಯಾಟರಿ ನಿಲ್ಲುವುದಿಲ್ಲ ಎಂಬ ದೂರು ಸಾಮಾನ್ಯ. ಮೊದಲ ಒಂದೆರಡು ದಿನ ಫೋನು ಒಳಗೊಳಗೇ ಕಡತಗಳನ್ನು ಹೊಂದಿಸಿಕೊಳ್ಳುವುದರಿಂದ ಹೀಗಾಗುವುದುಂಟು, ಆಮೇಲೆ ಸರಿಯಾಗುತ್ತದೆ. ಆಗದಿದ್ದರೆ ಬ್ಯಾಟರಿಯನ್ನೇ ಸಂಶಯಿಸಬೇಕು. 2017ರಲ್ಲಿ ಆಪಲ್ ಸಂಸ್ಥೆ, ಬ್ಯಾಟರಿ ಸವೆದ ಹಳೆಯ ಐಫೋನುಗಳು ಥಟ್ಟನೆ ಆರಿಹೋಗದಿರಲೆಂದು ಅಪ್‌ಡೇಟ್ ಮೂಲಕ ಅವುಗಳ ವೇಗ ತಗ್ಗಿಸಿತ್ತು. ಡಿಸೆಂಬರಿನಲ್ಲಿ ಇದನ್ನು ಒಪ್ಪಿಕೊಂಡು, ಬ್ಯಾಟರಿ ಬದಲಾವಣೆಯ ದರ ಇಳಿಸಬೇಕಾಯಿತು. ಹೊಸ ಬ್ಯಾಟರಿ ಹಾಕಿದಾಗ ಅದೇ ಫೋನುಗಳು ಮತ್ತೆ ಚುರುಕಾದವು. ಫೋನಿನ ಬೆನ್ನು ಉಬ್ಬಿದ್ದರೆ ಮಾತ್ರ ತಡ ಮಾಡಕೂಡದು. ಚಾರ್ಜ್ ನಿಲ್ಲಿಸಿ, ಒತ್ತದೆ ಚುಚ್ಚದೆ, ಅಧಿಕೃತ ದುರಸ್ತಿ ಕೇಂದ್ರಕ್ಕೆ ಕೊಡಬೇಕು.

ಚಾರ್ಜ್ ಆಗುತ್ತಿಲ್ಲವೆಂದು ವೈರು ಬದಲಿಸುವ ಮೊದಲು ಫೋನಿನ ಚಾರ್ಜಿಂಗ್ ತೂತನ್ನು ಬೆಳಕಿಗೆ ಹಿಡಿದು ನೋಡಿರಿ. ರಾಶಿಯ ಹೊಟ್ಟು, ಜೇಬಿನ ನೂಲು ಅಲ್ಲಿ ಗಟ್ಟಿಯಾಗಿ ಕುಳಿತಿರುತ್ತವೆ. ಫೋನು ಆರಿಸಿ, ಒಣ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಬಹುದು, ಸೂಜಿ ಬೇಡ. ನೆನೆದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹೂಳುವ ಪದ್ಧತಿಯನ್ನೂ ಬಿಡಬೇಕು. ಶೇಖರಿಸಿದ ಅಕ್ಕಿಯಲ್ಲಿ ತಾನೇ ಶೇಕಡಾ 13–14 ತೇವಾಂಶ ಇರುತ್ತದೆ, ಅದರ ದೂಳು ತೂತಿನೊಳಗೆ ಸೇರಿ ಇನ್ನಷ್ಟು ಕೆಡಿಸುತ್ತದೆ. ಗಾಳಿಯಾಡುವ ನೆರಳಿನಲ್ಲಿ ಇಟ್ಟು, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕದಿದ್ದರೆ ಸಾಕು.

ಔಷಧಿ ಹೊಡೆಯುವ ದಿನ

ಇದನ್ನು ಬೆಳೆ ವಿಜ್ಞಾನಿಯಾಗಿ ಹೇಳಲೇಬೇಕು. ಕೈಗವಸು, ಮುಖಕ್ಕೆ ಬಟ್ಟೆ ಎಲ್ಲ ಕಟ್ಟಿಕೊಂಡು ಸಿಂಪಡಿಸುವವರೂ ನಡುವೆ ಕರೆ ಬಂದರೆ ಅದೇ ಕೈಯಿಂದ ಫೋನು ತೆಗೆದು ಕೆನ್ನೆಗೆ ಒತ್ತುತ್ತಾರೆ. ಕೈ ಸಂಜೆ ತೊಳೆಯುತ್ತಾರೆ, ಫೋನನ್ನು ತೊಳೆಯುವುದಿಲ್ಲ. ಆ ಫೋನು ರಾತ್ರಿ ಮಗುವಿನ ಕೈಗೆ ಹೋಗುತ್ತದೆ. ರಬ್ಬರಿನ ಹಿಂಬದಿ ಕವರಿನಲ್ಲಿ, ಗಾಜಿನ ಅಂಚಿನಲ್ಲಿ ವಿಷದ ಅಂಶ ಉಳಿಯುತ್ತದೆ. ಸಿಂಪಡಣೆಯ ದಿನ ಫೋನನ್ನು ಬದುವಿನ ಆಚೆ, ಊಟದ ಬುತ್ತಿಯಿಂದ ಬೇರೆಯಾಗಿ ಇಡುವುದು ಉತ್ತಮ. ಒಯ್ಯಲೇಬೇಕಾದರೆ ಬಾಯಿ ಮುಚ್ಚುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ಮೇಲಿನಿಂದಲೇ ಬಳಸಿ, ಕೆಲಸ ಮುಗಿದ ಮೇಲೆ ಆ ಚೀಲವನ್ನು ಬೇರೆ ಯಾವುದಕ್ಕೂ ಬಳಸದೆ ವಿಲೇವಾರಿ ಮಾಡಬೇಕು. ಹಿಂಬದಿ ಕವರನ್ನು ಕಳಚಿ ಸೋಪಿನ ನೀರಿನಲ್ಲಿ ತೊಳೆಯಬಹುದು, ಫೋನನ್ನು ತುಸು ಒದ್ದೆ ಬಟ್ಟೆಯಿಂದ ಒರೆಸಬಹುದು.

ಸಿಡಿಲಿನ ಬಗ್ಗೆಯೂ ಒಂದು ಮಾತು. ಮೊಬೈಲ್ ಫೋನು ಸಿಡಿಲನ್ನು ಎಳೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಯಲಿನಲ್ಲಿ, ಒಂಟಿ ಮರದಡಿ ನಿಲ್ಲುವುದೇ ಅಪಾಯ, ಕೈಯಲ್ಲಿ ಫೋನಿರಲಿ ಇಲ್ಲದಿರಲಿ. ಆದರೆ ಗುಡುಗುವಾಗ ಮನೆಯೊಳಗೆ ಚಾರ್ಜಿನಲ್ಲಿರುವ ಫೋನನ್ನು ಮುಟ್ಟದಿರುವುದು ಮೇಲು. ವಿದ್ಯುತ್ ತಂತಿಯ ಮೂಲಕ ಸಿಡಿಲಿನ ಹೊಡೆತ ಒಳಬರಬಹುದು.

ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್

ಫೋನಿಗೆ ಜೋಡಿಯಾದ ಸಾಧನಗಳಲ್ಲಿ ನಮ್ಮ ರೈತರಿಗೆ ಅತಿ ಹೆಚ್ಚು ನೆರವಾಗಿರುವುದು ಇದು. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ ಹಾವು ಚೇಳುಗಳ ನಡುವೆ ನಡೆದು ಹೋಗುವುದು ತಪ್ಪಿದೆ. ಆದರೆ ಸ್ಟಾರ್ಟರಿನೊಳಗೂ ಒಂದು ಸಿಮ್ ಇದೆ ಎಂಬುದನ್ನು ಮರೆಯುವವರು ಬಹಳ. ಅದರ ರೀಚಾರ್ಜ್ ಅವಧಿ ಮುಗಿದು ಮೋಟಾರು ಮಾತು ಕೇಳದಿದ್ದಾಗ ಮೆಕ್ಯಾನಿಕ್ಕನ್ನು ಕರೆಸಿ ಹಣ ಕೊಟ್ಟವರನ್ನು ಬಲ್ಲೆ. 2ಜಿ ಜಾಲದ ಮೇಲೆ ಮಾತ್ರ ನಡೆಯುವ ಹಳೆಯ ಸ್ಟಾರ್ಟರಿಗೆ, 4ಜಿ ಮಾತ್ರ ಇರುವ ಕಂಪನಿಯ ಸಿಮ್ ಹೊಂದುವುದಿಲ್ಲವೆಂಬುದನ್ನೂ ಕೊಳ್ಳುವ ಮೊದಲೇ ವಿಚಾರಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ಜೀವದ ಪ್ರಶ್ನೆ. ಒಂದೇ ಸ್ಟಾರ್ಟರಿಗೆ ಅಣ್ಣ, ತಮ್ಮ, ಮಗ ಎಂದು ಮೂರು ನಾಲ್ಕು ಫೋನುಗಳು ಜೋಡಿಸಿರುತ್ತವೆ. ಅಣ್ಣ ಬಾವಿಗೆ ಇಳಿದು ಫುಟ್‌ವಾಲ್ವ್ ಬಿಚ್ಚುತ್ತಿರುವಾಗ ಊರಿನಲ್ಲಿರುವ ತಮ್ಮ ಕರೆ ಮಾಡಿ ಮೋಟಾರು ಶುರು ಮಾಡಬಹುದು. ಫೋನಿನಲ್ಲಿ ಆರಿಸಿದ್ದೇನೆಂದು ಯಾರೂ ಮೋಟಾರು, ಕೇಬಲ್ ಮುಟ್ಟಕೂಡದು. ಮೇನ್ ಸ್ವಿಚ್ ಇಳಿಸಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಂಡ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು.

ಸೋಯಾಅವರೆಯ ಆ ರೈತರು 2025ರ ಮೇ ಕೊನೆಯಲ್ಲಿ ಬಿತ್ತನೆ ಬೀಜಕ್ಕೆಂದು ಬಂದಿದ್ದರು. ಜೊತೆಯಲ್ಲಿ ಪಿ.ಯು.ಸಿ. ಓದುವ ಮಗಳೂ ಇದ್ದಳು. ಬೀಜದ ಸರದಿಯಲ್ಲಿ ನಿಂತಿದ್ದಾಗ ತಂದೆಯ ಫೋನನ್ನು ತನ್ನ ಫೋನಿನ ಹಾಟ್‌ಸ್ಪಾಟಿಗೆ ಜೋಡಿಸಿ ಅಪ್‌ಡೇಟ್ ಹಾಕಿದ್ದಳು. ಸರದಿ ಉದ್ದವಿತ್ತು, ಚೀಲ ಕೈಗೆ ಬರುವಷ್ಟರಲ್ಲಿ ಹನ್ನೊಂದು ಆ್ಯಪ್‌ಗಳು ಮುಗಿದು, ಹನ್ನೆರಡನೆಯದು ನಡೆಯುತ್ತಿತ್ತು.